ದಿನ ತುಂಬದ ಕೂಸಿನ ಉಸಿರು

‘ಏಳರಾಗ ಹುಟ್ಟಿದ ಕೂಸು ಉಳೀತೈತಿ, ಎಂಟರಾಗ ಹುಟ್ಟಿದ್ದು ಉಳಿಯೂದಿಲ್ಲ’ ಎಂಬ ಮಾತು ನಮ್ಮ ಗಡಿ ಸೀಮೆಯ ಹಿರಿಯರ ಬಾಯಲ್ಲಿ ಈಗಲೂ ಇದೆ. ಇದು ನಿಜವಲ್ಲ. ತಾಯಿಯ ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಕೂಸಿನ ಶ್ವಾಸಕೋಶಕ್ಕೆ ಲಾಭವೇ. ಗಾಳಿಗೂಡುಗಳು ಮುದುಡದಂತೆ ಕಾಯುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡು ಸಾಕಷ್ಟು ಸಿದ್ಧವಾಗುವುದು 34–35ನೇ ವಾರದ ಹೊತ್ತಿಗೆ.

ಅದಕ್ಕೂ ಬಹಳ ಮೊದಲೇ ಹುಟ್ಟಿದ ಕೂಸನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ಆಮ್ಲಜನಕ, ವೆಂಟಿಲೇಟರ್ ಕೊಟ್ಟು ಉಳಿಸಿಕೊಳ್ಳುತ್ತಾರೆ. ಜೀವ ಉಳಿಸಿದ ಆ ಆಮ್ಲಜನಕ, ಆ ಗಾಳಿಯ ಒತ್ತಡವೇ ಎಳೆಯ ಶ್ವಾಸಕೋಶವನ್ನು ಗಾಯ ಮಾಡುವುದೂ ಉಂಟು. ಅಮೆರಿಕದ ವಿಲಿಯಂ ನಾರ್ತ್‌ವೇ 1967ರಲ್ಲಿ ಮೊದಲು ವಿವರಿಸಿದ ಈ ಕಾಯಿಲೆಯೇ ಬ್ರಾಂಕೊಪಲ್ಮನರಿ ಡಿಸ್‌ಪ್ಲೇಸಿಯ, ಚಿಕ್ಕದಾಗಿ ಬಿಪಿಡಿ. ಗಾಯಗೊಂಡ ಶ್ವಾಸಕೋಶವನ್ನು ಮತ್ತೆ ಬೆಳೆಸುವ ಔಷಧ ಇಂದಿಗೂ ಇಲ್ಲ.

ಕಾಂಡಕೋಶದ (ಸ್ಟೆಮ್ ಸೆಲ್) ಮೇಲೆ ಇಷ್ಟು ಆಸೆ ಹುಟ್ಟಿದ್ದು ಅದಕ್ಕಾಗಿಯೇ. ದಕ್ಷಿಣ ಕೊರಿಯಾದ ವೈದ್ಯರು ಹೊಕ್ಕುಳಬಳ್ಳಿಯ ರಕ್ತದಿಂದ ತೆಗೆದ ಕಾಂಡಕೋಶಗಳನ್ನು 9 ಶಿಶುಗಳ ಶ್ವಾಸನಾಳಕ್ಕೆ ಹಾಕಿದರು. ಅಪಾಯವೇನೂ ಕಾಣಲಿಲ್ಲವೆಂದು 2014ರಲ್ಲಿ ವರದಿಯಾಯಿತು. ಈ ಕೋಶಗಳು ಅಲ್ಲೇ ಬೇರೂರಿ ಹೊಸ ಶ್ವಾಸಕೋಶವಾಗುವುದಿಲ್ಲ. ಉರಿಯೂತ ತಗ್ಗಿಸುವ, ಸುತ್ತಲಿನ ಕೋಶಗಳ ದುರಸ್ತಿಗೆ ನೆರವಾಗುವ ರಾಸಾಯನಿಕಗಳನ್ನು ಸ್ರವಿಸಿ ಮರೆಯಾಗುತ್ತವೆ. ಮುಂದೆ 66 ಶಿಶುಗಳಲ್ಲಿ ನಡೆಸಿದ ಪರೀಕ್ಷೆಯ ಫಲ 2021ರಲ್ಲಿ ಬಂತು. ಸಾವು ಅಥವಾ ಮಧ್ಯಮ ಇಲ್ಲವೆ ತೀವ್ರ ಬಿಪಿಡಿಯ ಒಟ್ಟು ಲೆಕ್ಕದಲ್ಲಿ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಸಂಶೋಧನೆ ಮುಂದುವರಿಯಲೇಬೇಕು. ಆದರೆ ಅದನ್ನು ಈಗಲೇ ಚಿಕಿತ್ಸೆಯೆಂದು ಮಾರುವುದು ತಪ್ಪು. ಕೊರಿಯಾದಲ್ಲಿ ಬಳಸಿದ ಕೋಶಗಳು ಬೇರೆ ಕೂಸುಗಳ ಬಳ್ಳಿಯವು ಎಂಬುದನ್ನೂ ಮರೆಯಬಾರದು. ಬಿಪಿಡಿಯ ಹೆದರಿಕೆಗೆ ಸಾಲ ಮಾಡಿ ಸ್ವಂತ ಕೂಸಿನ ಬಳ್ಳಿರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿ ಇಡಿಸಬೇಕಾಗಿಲ್ಲ.

ಕೊರಿಯಾದ ಸುದ್ದಿಗೆ ಕಿವಿಗೊಡುವ ನಾವು ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ನಡೆದ ದೊಡ್ಡ ಕೆಲಸವನ್ನು ಅಷ್ಟಾಗಿ ಗಮನಿಸಿಲ್ಲ. ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡ ಬಸುರಿಗೆ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಹೊಟ್ಟೆಯೊಳಗಿನ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಬಡ ದೇಶಗಳ ಆಸ್ಪತ್ರೆಗಳಲ್ಲೂ ಇದು ಫಲ ಕೊಡುವುದೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ 2,852 ತಾಯಂದಿರಲ್ಲಿ ಪರೀಕ್ಷಿಸಿತು. ಭಾರತದಲ್ಲಿ ಅದರ ಹೊಣೆ ಹೊತ್ತವರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರೂ ಇದ್ದರು. 2020ರಲ್ಲಿ ಫಲ ಪ್ರಕಟವಾಯಿತು: ನವಜಾತ ಶಿಶುಗಳ ಸಾವು ಶೇ 23.5ರಿಂದ ಶೇ 19.6ಕ್ಕೆ ಇಳಿದಿತ್ತು. 25 ತಾಯಂದಿರಿಗೆ ಮದ್ದು ಕೊಟ್ಟರೆ ಒಂದು ಕೂಸು ಹೆಚ್ಚು ಉಳಿಯುತ್ತದೆ.

ಇದೇ ಮದ್ದು ಎಲ್ಲೆಂದರಲ್ಲಿ ಕೊಡುವಂಥದ್ದಲ್ಲ. ಇದಕ್ಕೂ ಮೊದಲು, ಬೆಳಗಾವಿ ಸೀಮೆಯ ಹಳ್ಳಿಗಳೂ ಸೇರಿದ್ದ ಇನ್ನೊಂದು ದೊಡ್ಡ ಪರೀಕ್ಷೆಯಲ್ಲಿ ಸ್ಟಿರಾಯ್ಡನ್ನು ಊರಮಟ್ಟದಲ್ಲೇ ಹಂಚಿದಾಗ ಶಿಶುಮರಣ ತಗ್ಗಲಿಲ್ಲ, ಒಟ್ಟಾರೆ ತುಸು ಹೆಚ್ಚೇ ಆಯಿತು. ವಾರಗಳ ಲೆಕ್ಕ ಖಚಿತವಾಗಿರಬೇಕು, ಹುಟ್ಟಿದ ಕೂಸನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಅಲ್ಲೇ ಇರಬೇಕು.

ನಮ್ಮ ಗಡಿಯ ಶೇಡಬಾಳದವರಿಗೆ ಮಹಾರಾಷ್ಟ್ರದ ಮಿರಜ ಹತ್ತಿರ, ಬೆಳಗಾವಿ ದೂರ. ಎರಡೂ ಒಂದೇ ರೈಲು ಹಾದಿಯ ಊರುಗಳು. ನೋವು ಬೇಗ ಬಂದ ಮಗಳನ್ನು ರಾಜ್ಯದ ಗಡಿ ದಾಟಿಸಿದರೂ ಸರಿ, ನವಜಾತ ಶಿಶು ಘಟಕವಿರುವ ಆಸ್ಪತ್ರೆಗೆ ಹೆರಿಗೆಗೆ ಮೊದಲೇ ಮುಟ್ಟಿಸಬೇಕು. ಹೊರಡುವಾಗ ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್ ಕಾಗದ ಚೀಲದಲ್ಲಿರಲಿ. ವಾರ ಎಷ್ಟಾಯಿತೆಂದು ವೈದ್ಯರಿಗೆ ಖಚಿತವಾಗಿ ತಿಳಿಯುವುದು ಅದರಿಂದಲೇ, ಚುಚ್ಚುಮದ್ದಿನ ತೀರ್ಮಾನವೂ ಅದರ ಮೇಲೆಯೇ ನಿಂತಿರುತ್ತದೆ.