ಶಸ್ತ್ರಕ್ರಿಯೆಯ ಅನಂತರದ ಕಾರ್ಯ

1978ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಮೆಲ್ಬರ್ನ್ ನಗರದ ಡಾಕ್ಟರ್ ಗ್ರೇಮ್ ಕ್ಲಾರ್ಕರು ತಮ್ಮ ಕಾಕ್ಲಿಯರ್ ಇಂಪ್ಲಾಂಟನ್ನು ಮೊಟ್ಟಮೊದಲು ಅಳವಡಿಸಿದುದು ಕಿವುಡಾಗಿದ್ದ ವಯಸ್ಕನೊಬ್ಬನಿಗೆ. ಆದರೆ ಶಸ್ತ್ರವೈದ್ಯರು ಕಿವಿಯೊಳಗಿಟ್ಟ ಮಾತ್ರಕ್ಕೆ ಯಂತ್ರವು ಮಾತನ್ನು ಕೇಳಿಸದು. ಗಾಯ ಮಾಗಿದ ಮೇಲೆ ಶ್ರವಣತಜ್ಞರು ಒಂದೊಂದು ವಿದ್ಯುದ್ವಾರದಲ್ಲಿಯೂ ಎಷ್ಟು ವಿದ್ಯುತ್ತಿಗೆ ಸದ್ದು ಕೇಳತೊಡಗುವುದು, ಎಷ್ಟಕ್ಕೆ ಸಹಿಸಲಾಗದು ಎಂಬುದನ್ನು ಅಳೆದು, ತಿಂಗಳುಗಟ್ಟಲೆ ತಿದ್ದುತ್ತಿರಬೇಕು. ಮೊದಮೊದಲು ಮಾತೆಲ್ಲ ವಿಕಾರವಾಗಿ ಕೇಳುವುದುಂಟು. ಆಗ ರೋಗಿಗೆ ಧೈರ್ಯವನ್ನೂ ಅಭ್ಯಾಸವನ್ನೂ ಕೊಡಬೇಕು.

ಆದುದರಿಂದ ಇಂತಹ ವಿಭಾಗದ ಮುಖ್ಯಸ್ಥರ ಕಾರ್ಯವನ್ನು ಶಸ್ತ್ರಕ್ರಿಯೆಗಳ ಸಂಖ್ಯೆಯಿಂದ ಅಳೆಯಲಾಗದು. ವರ್ಷ ಕಳೆದ ಮೇಲೆ ರೋಗಿಯು ಮನೆಯವರ ಮಾತನ್ನು ಎಷ್ಟರಮಟ್ಟಿಗೆ ತಿಳಿಯಬಲ್ಲನೆಂಬುದೇ ಒರೆಗಲ್ಲು. ದುಬಾರಿಯ ಯಂತ್ರವನ್ನು ಕೊಂಡು, ಅದನ್ನು ಹೊಂದಿಸುವ ತಜ್ಞರ ನೇಮಕಕ್ಕೆ ಹಣವಿಲ್ಲವೆನ್ನುವುದು ಬಾವಿ ತೋಡಿಸಿ ಹಗ್ಗಕ್ಕೆ ಕಾಸಿಲ್ಲವೆಂದಂತೆ. ಆಸ್ಪತ್ರೆಗಳ ಆಡಳಿತದವರು ಮೊದಲು ಆ ಹುದ್ದೆಗಳನ್ನು ತುಂಬಬೇಕೆಂದು ನಾವು ಒತ್ತಿ ಹೇಳುತ್ತೇವೆ.