ಪರದೆ ಮಸುಕಾದಾಗ ಗಾಬರಿ ಬೇಡ, ಅವಸರದ ‘ಯೆಸ್’ ಕೂಡ ಬೇಡ

ಮುಂಬಯಿ: ಸಂಘದ ವಾರ್ಷಿಕ ಮಹಾಸಭೆ ಹತ್ತಿರ ಬಂದಿದೆ. ವರದಿ ಟೈಪ್ ಮಾಡಲು ಕಾರ್ಯದರ್ಶಿಯವರು ಮನೆಯ ಕಂಪ್ಯೂಟರಿಗೆ ‘ನುಡಿ’ ಅಥವಾ ‘ಬರಹ’ ತಂತ್ರಾಂಶ ಹಾಕಲು ಕುಳಿತಿದ್ದಾರೆ. ಅಷ್ಟರಲ್ಲಿ ಪರದೆಯೆಲ್ಲ ಮಸುಕಾಗಿ, ನಡುವೆ ಒಂದು ಚೌಕ ಮೂಡುತ್ತದೆ. ಈ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಬಹುದೇ ಎಂಬ ಪ್ರಶ್ನೆ, ಕೆಳಗೆ ‘ಯೆಸ್’ ಮತ್ತು ‘ನೋ’. ಪಕ್ಕದಲ್ಲಿದ್ದ ಕಾಲೇಜು ಓದುವ ಅಳಿಯ, “ಇದೊಂದು ದಿನಾ ಉಪದ್ರ ಮಾವ, ನಾನು ತೆಗೆದೇ ಬಿಡ್ತೇನೆ” ಎಂದು ಎರಡೇ ಕ್ಲಿಕ್ಕಿಗೆ ಅದನ್ನು ಬಂದ್ ಮಾಡುತ್ತಾನೆ. ಮಹಾನಗರದ ಅನೇಕ ಮನೆಗಳಲ್ಲಿ, ಸಂಘ ಸಂಸ್ಥೆಗಳ ಕಚೇರಿಗಳಲ್ಲಿ ಕಂಡುಬರುವ ದೃಶ್ಯವಿದು. ಆದರೆ ಅಳಿಯ ತೆಗೆದದ್ದು ಉಪದ್ರವನ್ನಲ್ಲ, ಗೇಟಿನ ವಾಚ್‌ಮನ್‌ನನ್ನು.

ವಿಂಡೋಸಿನ ಈ ವ್ಯವಸ್ಥೆಗೆ ‘ಯೂಸರ್ ಅಕೌಂಟ್ ಕಂಟ್ರೋಲ್’ ಎಂದು ಹೆಸರು. ಚುಟುಕಾಗಿ ಯುಎಸಿ. ಅದಕ್ಕೂ ಮೊದಲು, 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಮನೆಯವರೆಲ್ಲ ಸಾಮಾನ್ಯವಾಗಿ ‘ಅಡ್ಮಿನಿಸ್ಟ್ರೇಟರ್’ ಖಾತೆಯಲ್ಲೇ ಕೆಲಸ ಮಾಡುತ್ತಿದ್ದರು. ಹಾಗಾಗಿ ಅವರು ತೆರೆದ ಪ್ರತಿಯೊಂದು ಪ್ರೋಗ್ರಾಮಿಗೂ, ಅದು ಆಟವಿರಲಿ ವೈರಸ್ ಇರಲಿ, ಯಜಮಾನನ ಪೂರ್ಣ ಅಧಿಕಾರ ತಾನಾಗಿ ಸಿಗುತ್ತಿತ್ತು. ಬ್ಯಾಂಕಿನಲ್ಲಿ ದೊಡ್ಡ ಮೊತ್ತದ ಚೆಕ್ಕನ್ನು ಒಬ್ಬ ಗುಮಾಸ್ತ ತಾನೇ ನಮೂದಿಸಿ ತಾನೇ ಪಾಸ್ ಮಾಡುವಂತಿಲ್ಲ, ಅಧಿಕಾರಿಯೊಬ್ಬರು ನೋಡಿ ಒಪ್ಪಿಗೆ ಕೊಡಬೇಕು. ಎಕ್ಸ್‌ಪಿ ಇದ್ದ ಮನೆಗಳಲ್ಲಿ ಆ ಎರಡನೆಯ ಕಣ್ಣೇ ಇರಲಿಲ್ಲ.

2007ರ ಜನವರಿ 30ರಂದು ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾ ಆ ಕಣ್ಣನ್ನು ತಂದಿತು. ತಂದದ್ದು ಸ್ವಲ್ಪ ಅತಿಯಾಯಿತೆನ್ನಬೇಕು. ಗಡಿಯಾರದ ಸಮಯ ತಿದ್ದಲು ಹೋದರೂ ಅನುಮತಿ ಕೇಳುತ್ತಿತ್ತು. ಸೊಸೈಟಿಯ ವಾಚ್‌ಮನ್ ಮನೆಯವರನ್ನೇ ಗೇಟಿನಲ್ಲಿ ನಿಲ್ಲಿಸಿ, ಇಂಟರ್‌ಕಾಮ್‌ನಲ್ಲಿ ಮೇಲೆ ಕಳುಹಿಸಲೇ ಎಂದು ಕೇಳಿದಂತೆ! ಪ್ರತಿಸ್ಪರ್ಧಿ ಆ್ಯಪಲ್ ಕಂಪೆನಿಯು ಕಪ್ಪು ಕನ್ನಡಕದ ಅಂಗರಕ್ಷಕನನ್ನು ನಿಲ್ಲಿಸಿ ಇದನ್ನೇ ಟಿವಿ ಜಾಹೀರಾತಿನಲ್ಲಿ ಲೇವಡಿ ಮಾಡಿತು. 2008ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನಡೆದ ಸಮ್ಮೇಳನದಲ್ಲಿ ಮೈಕ್ರೋಸಾಫ್ಟ್‌ನ ಡೇವಿಡ್ ಕ್ರಾಸ್ ಅವರು, ಬಳಕೆದಾರರಿಗೆ ಕಿರಿಕಿರಿ ಮಾಡುವುದೇ ಉದ್ದೇಶವಾಗಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಗಿರಾಕಿಗಳು ಗೊಣಗಿದರೆ ತಂತ್ರಾಂಶ ತಯಾರಕರು ಪೂರ್ಣ ಅಧಿಕಾರ ಬೇಡದ ಪ್ರೋಗ್ರಾಂ ಬರೆಯುತ್ತಾರೆ ಎಂಬುದು ಲೆಕ್ಕಾಚಾರ. ಪೆಟ್ಟು ಯಾರಿಗೋ, ಪಾಠ ಇನ್ಯಾರಿಗೋ.

2009ರ ವಿಂಡೋಸ್ 7ರಲ್ಲಿ ಇದನ್ನು ಸಡಿಲಿಸಿ ನಾಲ್ಕು ಮೆಟ್ಟಿಲು ಮಾಡಲಾಯಿತು. ವಿಂಡೋಸ್ 10 ಮತ್ತು 11ರಲ್ಲೂ ಅದೇ ಇದೆ. ಸ್ಟಾರ್ಟ್ ಒತ್ತಿ ‘ಯುಎಸಿ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಮೇಲೆ ಕೆಳಗೆ ಜಾರುವ ಗುಂಡಿಯೊಂದು ಕಾಣುತ್ತದೆ. ಎಲ್ಲಕ್ಕಿಂತ ಮೇಲಿದ್ದರೆ ವಿಸ್ತಾದಂತೆ ಎಲ್ಲದಕ್ಕೂ ಪ್ರಶ್ನೆ. ಅದರ ಕೆಳಗಿನದು ಕಂಪೆನಿಯೇ ಇಟ್ಟುಕೊಡುವ ಮಟ್ಟ: ಬೇರೆ ಪ್ರೋಗ್ರಾಂ ಬದಲಾವಣೆಗೆ ಹೊರಟಾಗ ಕೇಳುತ್ತದೆ, ವಿಂಡೋಸಿನ ಸೆಟ್ಟಿಂಗನ್ನು ನೀವೇ ಬದಲಿಸಿದರೆ ಕೇಳುವುದಿಲ್ಲ. ಮನೆಗೆ ಇದು ಸಾಕು. ಮೂರನೆಯದರಲ್ಲಿ ಪರದೆ ಮಸುಕಾಗದು. ಮಸುಕಾಗುವುದು ಅಲಂಕಾರಕ್ಕಲ್ಲ, ಆ ಹೊತ್ತಿನಲ್ಲಿ ಬೇರಾವ ಪ್ರೋಗ್ರಾಮೂ ನಿಮ್ಮ ಪರವಾಗಿ ತಾನೇ ‘ಯೆಸ್’ ಒತ್ತದಂತೆ ಹಾಕಿದ ತಡೆ ಅದು. ತೀರಾ ಕೆಳಗಿನದು ಅಳಿಯ ಆರಿಸಿದ್ದು. ಅಲ್ಲಿ ಪ್ರಶ್ನೆಯೇ ಇಲ್ಲ.

ಚೌಕ ಬಂದಾಗ ನೋಡಬೇಕಾದದ್ದು ಹೆಚ್ಚಿಲ್ಲ. ಈಗಷ್ಟೇ ನಾನಾಗಿ ಏನನ್ನಾದರೂ ಹಾಕಲು ಹೊರಟೆನೇ? ಹೌದಾದರೆ ಪ್ರೋಗ್ರಾಮಿನ ಹೆಸರು, ತಯಾರಕರ ಹೆಸರು ಓದಿ ಒಪ್ಪಬಹುದು. ಸುಮ್ಮನೆ ಅಂಚೆ ಓದುತ್ತಿದ್ದಾಗ, ಸುದ್ದಿ ನೋಡುತ್ತಿದ್ದಾಗ ತಾನಾಗಿ ಬಂದರೆ ‘ನೋ’ ಒತ್ತುವುದೇ ಲೇಸು. ನಿಜವಾಗಿ ಬೇಕಿದ್ದರೆ ಅದು ಮತ್ತೆ ಕೇಳಿಯೇ ಕೇಳುತ್ತದೆ. ವಿಂಡೋಸ್ 10ರಿಂದೀಚೆಗೆ ನೀಲಿ ಪಟ್ಟಿ ಇದ್ದರೆ ತಯಾರಕರ ಡಿಜಿಟಲ್ ಸಹಿ ತಾಳೆಯಾಗಿದೆ ಎಂದರ್ಥ. ಹಳದಿ ಇದ್ದರೆ ತಯಾರಕರು ಯಾರೆಂದು ಖಾತ್ರಿಯಿಲ್ಲ. ಹಳದಿಯೆಲ್ಲ ಕಳ್ಳರಲ್ಲ, ಸಣ್ಣ ತಯಾರಕರ, ಹಳೆಯ ಕಾಲದ ತಂತ್ರಾಂಶಗಳಿಗೆ ಸಹಿ ಇಲ್ಲದಿರಬಹುದು. ಅಂಥದ್ದನ್ನು ತಯಾರಿಸಿದವರ ತಾಣದಿಂದಲೇ ಇಳಿಸಿಕೊಂಡಿದ್ದೀರಾ, ಯಾರೋ ಕೊಟ್ಟ ಪೆನ್‌ಡ್ರೈವ್‌ನಿಂದಲೇ ಎಂಬುದು ಆಗ ಮುಖ್ಯವಾಗುತ್ತದೆ.

ಇದರ ಮಿತಿಯೂ ತಿಳಿದಿರಲಿ. ನಿಮ್ಮದೇ ಕಡತಗಳನ್ನು ಕೆಡಿಸುವ ದುಷ್ಟ ಪ್ರೋಗ್ರಾಮಿಗೆ ಯಜಮಾನನ ಅಧಿಕಾರ ಬೇಕಿಲ್ಲ, ಯುಎಸಿ ಅಲ್ಲಿ ಮಾತನಾಡದು. ಸದಸ್ಯರ ಯಾದಿ, ಲೆಕ್ಕಪತ್ರಗಳ ಪ್ರತಿಯೊಂದು ಬೇರೆ ಕಡೆ ಇರಲೇಬೇಕು. ಹಾಗೆಯೇ, ಕಂಪ್ಯೂಟರಿಗೆ ವೈರಸ್ ತಗಲಿದೆ, ಈ ಸಂಖ್ಯೆಗೆ ಫೋನ್ ಮಾಡಿ ಎಂದು ಕೂಗುವ ಚೌಕ ಯುಎಸಿ ಅಲ್ಲವೇ ಅಲ್ಲ. ಯುಎಸಿ ಎಂದೂ ಫೋನ್ ನಂಬರ್ ಕೊಡುವುದಿಲ್ಲ. ಆ ಕಡೆಯವರ ಮಾತು ಕೇಳಿ ‘ಎನಿಡೆಸ್ಕ್’ನಂತಹ ದೂರದಿಂದ ಕಂಪ್ಯೂಟರ್ ನಡೆಸುವ ಪ್ರೋಗ್ರಾಮಿಗೆ ನೀವೇ ‘ಯೆಸ್’ ಒತ್ತಿದರೆ ವಾಚ್‌ಮನ್ ಏನು ಮಾಡಿಯಾನು? ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹಲವರು ಕೈಯಾಡಿಸುವ ಸಂಘದ ಕಂಪ್ಯೂಟರಿಗೆ ಇನ್ನೊಂದು ದಾರಿಯಿದೆ. ದಿನದ ಕೆಲಸಕ್ಕೆ ‘ಸ್ಟ್ಯಾಂಡರ್ಡ್’ ಖಾತೆ, ಅಡ್ಮಿನಿಸ್ಟ್ರೇಟರ್ ಖಾತೆ ಒಬ್ಬರ ಕೈಯಲ್ಲಿ. ಆಗ ಚೌಕ ಬರೀ ‘ಯೆಸ್’ ಕೇಳದೆ ಪಾಸ್‌ವರ್ಡ್ ಕೇಳುತ್ತದೆ, ಅಳಿಯಂದಿರ ಆಟ ನಡೆಯದು. ಒಂದೇ ಎಚ್ಚರ: ಮಹಾಸಭೆಯಲ್ಲಿ ಪದಾಧಿಕಾರಿಗಳು ಬದಲಾದಾಗ ರಶೀದಿ ಪುಸ್ತಕ, ಕಪಾಟಿನ ಬೀಗದ ಕೈಯೊಂದಿಗೆ ಆ ಪಾಸ್‌ವರ್ಡನ್ನೂ ಹೊಸಬರಿಗೆ ಒಪ್ಪಿಸಬೇಕು. ಹೊಸಬರು ಅದನ್ನು ಅಂದೇ ಬದಲಿಸಿಕೊಳ್ಳಬೇಕು.