ಕೋವಿ ಯಾರದು, ಗಾಯ ಯಾರದು? ಗಡಿಕಾಡಿನ ಬೇಟೆಮಾತಿನಲ್ಲಿ ಆಯುಧ ಮತ್ತು ಹೊಸಬ

ಗಡಿಯಾಚೆಯ ಕನ್ನಡದ ಬಗ್ಗೆ ಮಾತು ಬಂದಾಗ ನಾವು ಸಾಮಾನ್ಯವಾಗಿ ಶಾಲೆ, ಪಠ್ಯಪುಸ್ತಕ, ಬೋರ್ಡು, ಅರ್ಜಿ ನಮೂನೆ ಇವುಗಳ ಸುತ್ತಲೇ ನಿಲ್ಲುತ್ತೇವೆ. ಅದು ಬೇಕಾದದ್ದೇ. ಆದರೆ ನಾನು ಇವತ್ತು ಆರಿಸಿಕೊಂಡಿರೋದು ಬೇರೆ ಮೂಲೆ. ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ, ಊರು ಡೆಂಕಣಿಕೋಟೆ ಕಡೆ. ನಮ್ಮ ಹೊಸೂರು, ತಳಿ, ಅಂಚೆಟ್ಟಿ, ಆ ಕಡೆ ತಾಳವಾಡಿ, ಇವೆಲ್ಲ ತಮಿಳುನಾಡಿಗೆ ಸೇರಿದ ಕಾಡಂಚಿನ ಸೀಮೆ. ಕನ್ನಡ ಇಲ್ಲಿ ತಲೆಮಾರುಗಳಿಂದ ಮನೆಮಾತು. ಈ ಸೀಮೆಯ ಬೇಟೆಗಾರರು ಆಯುಧವನ್ನು ಹೇಗೆ ನೋಡಿದರು, ಹೊಸದಾಗಿ ಬಂದವನನ್ನು ಹೇಗೆ ನೋಡಿದರು ಅನ್ನೋದು ನನ್ನ ವಿಷಯ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಜೀವಕ್ಕೋ ಬೆಳೆಗೋ ಅಪಾಯ ಬಂದಾಗ ಅಧಿಕಾರಿಯ ಲಿಖಿತ ಅಪ್ಪಣೆ ಇದ್ದರೆ ವಿನಾಯಿತಿ. ಆ ಕಾಯ್ದೆ ಬೇಕಿತ್ತು ಅನ್ನುವವಳೇ ನಾನು. ಬೇಟೆಯನ್ನು ಹೊಗಳೋದು ನನ್ನ ಉದ್ದೇಶವಲ್ಲ. ಬೇಟೆ ನಿಂತರೂ ಅದರ ಒಳಗಿದ್ದ ಒಂದು ತೀರ್ಪಿನ ಕ್ರಮ ಮಾತಿನಲ್ಲಿ ಉಳಿದಿದೆ. ಅದನ್ನು ಬಿಡಿಸಿ ನೋಡಬೇಕು, ಅಷ್ಟೇ.

ಒಂದೇ ಈಡಿನ ಕೋವಿ

ನಮ್ಮ ಕಡೆ ಹಳಬರು ಕೋವಿ ಅನ್ನೋದು ಕಡಿಮೆ. ‘ತುಪಾಕಿ’ ಅಂತಾರೆ; ಊರಲ್ಲೇ ಮಾಡಿದ್ದಾದರೆ ‘ನಾಟು ತುಪಾಕಿ’. ಮಲೆನಾಡಿನವರು ಇದನ್ನೇ ಕೇಪಿನ ಕೋವಿ ಅಂತಾರೆ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ನಾರು ತುರುಕಿ ಗಜದಿಂದ ಗಿಡಿಯಬೇಕು, ಆಮೇಲೆ ಗುಂಡೋ ಚರೆಯೋ ಹಾಕಬೇಕು, ಮತ್ತೆ ನಾರು, ಕೊನೆಗೆ ಹಿಂದುಗಡೆ ಕೇಪು. ಇಷ್ಟೆಲ್ಲ ಆದ ಮೇಲೆ ಒಂದು ಈಡು. ತಪ್ಪಿದರೆ ಮತ್ತೆ ಮೊದಲಿನಿಂದ. ಮಳೆಯಲ್ಲಿ ಮದ್ದು ನೆನೆದರೆ ಆ ಒಂದು ಈಡೂ ಇಲ್ಲ.

ಇಂಥ ಆಯುಧ ಹಿಡಿದವನು ದೂರದಿಂದ ಹೊಡೆಯೋ ಹಾಗಿಲ್ಲ. ಹತ್ತಿರ ಹೋಗಬೇಕು, ಗಾಳಿ ಯಾವ ಕಡೆ ಅಂತ ನೋಡಬೇಕು, ಹೆಜ್ಜೆ ಓದಬೇಕು, ಮರಸು ಕೂತರೆ ಗಂಟೆಗಟ್ಟಲೆ ಅಲುಗಬಾರದು. ಆ ತಾಳ್ಮೆಯನ್ನು ಕಲಿಸಿದ್ದು ಕೋವಿಯ ಕೊರತೆಯೇ. ಜಿಮ್ ಕಾರ್ಬೆಟ್ 1953ರ ‘ಜಂಗಲ್ ಲೋರ್’ ಪುಸ್ತಕದಲ್ಲಿ ಬಾಲ್ಯದ ತನ್ನ ಕೋವಿಯ ಬಗ್ಗೆ ಬರೆದಿದ್ದಾನೆ. ಜೋಡುನಳಿಗೆಯ ಹಳೇ ಕೇಪಿನ ಕೋವಿ ಅದು. ಒಂದು ನಳಿಗೆ ಸೀಳಿತ್ತು, ಹಿಡಿಗೆ ತಂತಿ ಸುತ್ತಿತ್ತು. ಕುಮಾವೋನಿನ ಹುಡುಗನಿಗೂ ನಮ್ಮ ಅಂಚೆಟ್ಟಿಯ ಮುದುಕನಿಗೂ ಪಾಠ ಹೇಳಿದ್ದು ಒಂದೇ ಥರದ ಮೇಷ್ಟ್ರು.

ಹಾಗಾಗಿ ಹಳಬರು ಹೊಸ ರೈಫಲ್ಲು, ಹೊಸ ಟಾರ್ಚು ಕಂಡಾಗ ಹುಬ್ಬೇರಿಸಿದ್ದು ಬರೀ ಹೊಟ್ಟೆಕಿಚ್ಚಿಗಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆಯನ್ನು ಅವರು ತಿರುಗಿಸಿ ನೋಡ್ತಿದ್ದರು: ನೆಲ ನುಣ್ಣಗಿದ್ದ ಮಾತ್ರಕ್ಕೆ ಕುಣಿತ ಬಂದೀತೆ? ದೂರಕ್ಕೆ ಹೊಡೆಯೋ ಕೋವಿ ಸಿಕ್ಕವನು ಹತ್ತಿರ ಹೋಗೋದನ್ನು ಕಲಿಯೋದಿಲ್ಲ. ಹತ್ತಿರ ಹೋಗದವನಿಗೆ ತನ್ನ ಈಡು ಎಲ್ಲಿ ಬಿತ್ತು ಅನ್ನೋದೂ ಗೊತ್ತಾಗೋದಿಲ್ಲ. ಇದು ಅವರ ವಾದ.

ಹೊಸಬನಿಗೆ ಮೊದಲ ಪಾಠ

ಹೊಸಬನ ಕೈಗೆ ಮೊದಲೇ ಕೋವಿ ಕೊಡುವ ಪದ್ಧತಿ ಇರಲಿಲ್ಲ. ಗುಂಪು ಬೇಟೆಯಲ್ಲಿ ಅವನು ಸೋವುವವರ ಜೊತೆ ಹೋಗಬೇಕು. ಅಂದ್ರೆ ಪೊದೆ ಬಡಿದು, ಕೂಗಿ, ಪ್ರಾಣಿಯನ್ನು ಕೋವಿಯವನ ಕಡೆ ಅಟ್ಟಬೇಕು. ನಾಯಿ ಹಿಡಿಯಬೇಕು, ಹೊರೆ ಹೊರಬೇಕು. ಬೈಸಿಕೊಳ್ಳಬೇಕು, ಅದೂ ಧಾರಾಳವಾಗಿ. ಇದರಲ್ಲಿ ದರ್ಪ ಇರಲಿಲ್ಲ ಅಂತ ನಾನು ಹೇಳೋದಿಲ್ಲ. ಯಾರು ಸೋವಬೇಕು, ಯಾರು ಕೋವಿ ಹಿಡಿಯಬೇಕು ಅನ್ನೋದನ್ನು ಎಷ್ಟೋ ಕಡೆ ಅನುಭವಕ್ಕಿಂತ ಮೊದಲು ಜಾತಿ, ಜಮೀನು ತೀರ್ಮಾನ ಮಾಡ್ತಿದ್ದವು. ಒಬ್ಬ ಇಡೀ ಜನ್ಮ ಸೋವಿದರೂ ಕೋವಿ ಮುಟ್ಟದೇ ಹೋಗಬಹುದಿತ್ತು. ಹೆಂಗಸರಂತೂ ಲೆಕ್ಕದಲ್ಲೇ ಇರಲಿಲ್ಲ. ಈ ಮಾತುಗಳನ್ನು ನಾನು ಕೇಳಿಸಿಕೊಂಡದ್ದು ತಾತನ ಜೊತೆಗಾರರು ಹೊರಜಗಲಿಯಲ್ಲಿ ಕೂತಾಗ, ಬಾಗಿಲ ಈಚೆಯಿಂದ.

ಆದರೂ ಆ ಬೈಗುಳದೊಳಗೆ ಒಂದು ಗಟ್ಟಿ ನಿಯಮ ಇತ್ತು. ಹೊಡೆದವನೇ ಹಿಂದೆ ಹೋಗಬೇಕು. ಗಾಯವಾದ ಪ್ರಾಣಿಯನ್ನು ಪೊದೆಯಲ್ಲಿ ಬಿಟ್ಟು ಮನೆಗೆ ಬರಬಾರದು. ಈಡು ತಪ್ಪಿದವನನ್ನು ಗೇಲಿ ಮಾಡಿ ಸುಮ್ಮನಾಗ್ತಿದ್ದರು. ಗಾಯ ಮಾಡಿ ಬಿಟ್ಟು ಬಂದವನನ್ನು ಮಾತ್ರ ಮತ್ತೆ ಕರೆಯುತ್ತಿರಲಿಲ್ಲ. ಹೊಸಬ ಹಳಬನಾಗೋದು ಮೊದಲ ಬೇಟೆ ಬಿದ್ದಾಗಲ್ಲ, ರಕ್ತದ ಹನಿ ಹಿಡಿದು ಕೊನೇ ತನಕ ಹೋದಾಗ.

ಈ ನಿಯಮ ಬರೀ ಮರ್ಯಾದೆಯ ಮಾತಲ್ಲ, ಊರಿನ ಜೀವದ ಪ್ರಶ್ನೆ. ಕಾರ್ಬೆಟ್ 1944ರ ತನ್ನ ಮೊದಲ ಜನಪ್ರಿಯ ಪುಸ್ತಕದ ಮುನ್ನುಡಿಯಲ್ಲೇ ಹೇಳಿದ್ದಾನೆ: ಹುಲಿಯನ್ನು ನರಭಕ್ಷಕ ಮಾಡುವ ಗಾಯಗಳಿಗೆ ಕಾರಣ ಒಂದೋ ಮುಳ್ಳುಹಂದಿಯ ಮುಳ್ಳು, ಇಲ್ಲವೇ ಅಜಾಗರೂಕತೆಯಿಂದ ಹೊಡೆದು ಹಿಂದೆ ಹೋಗದೆ ಬಿಟ್ಟ ಗುಂಡು. ಒಬ್ಬನ ಕೈಚಪಲಕ್ಕೆ ದಂಡ ಕಟ್ಟಿದವರು ಸೌದೆಗೆ ಹೋದ ಹೆಂಗಸರು, ದನ ಕಾಯೋ ಹುಡುಗರು.

ಬೇಟೆಯ ಲೋಕ ಯಾರನ್ನು ನೆನಪಿಟ್ಟುಕೊಳ್ಳುತ್ತೆ ಅನ್ನೋದಕ್ಕೆ ಕನ್ನಡದಲ್ಲಿ ಹಳೆಯ ಸಾಕ್ಷಿ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 949–50ರದ್ದು. ತಕ್ಕೋಲದ ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ ಮಣಲೇರ ಅನ್ನುವ ವೀರ ಗಂಗರ ಬೂತುಗನನ್ನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಅನ್ನುವ ನಾಯಿಯನ್ನು. ಆ ನಾಯಿ ದೊಡ್ಡದೊಂದು ಹಂದಿಯ ಜೊತೆ ಕಾದಿ, ಎರಡೂ ಸತ್ತವು. ಕಲ್ಲಿನ ಮೇಲೆ ಕೆತ್ತಿರೋದು ಆಯುಧವನ್ನಲ್ಲ, ಹಂದಿಯ ಎದುರು ನಿಂತ ನಾಯಿಯನ್ನು. ಎದುರು ನಿಂತವರಿಗೇ ಕಲ್ಲು.

ಕಾಯ್ದೆ ತಿರುಗಿಸಿದ ಪಾತ್ರಗಳು

ಈಗ ಕಷ್ಟದ ಜಾಗಕ್ಕೆ ಬರ್ತೀನಿ. ಬೇಟೆಗಾರರ ಮಾತಿನಲ್ಲಿ ಹಳಬ, ಹೊಸಬ ಅನ್ನೋದು ನಡತೆಯಿಂದ ತೀರ್ಮಾನವಾಗ್ತಿತ್ತು. ಸರ್ಕಾರದ ಕಾಗದದಲ್ಲಿ ಅದು ಆಯುಧದಿಂದ ತೀರ್ಮಾನವಾಯಿತು. 1878ರ ಆಯುಧ ಕಾಯ್ದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿತು, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. 1882ರ ಮದ್ರಾಸ್ ಅರಣ್ಯ ಕಾಯ್ದೆಯಿಂದ ಕಾಡು ರಿಸರ್ವ್ ಆಯಿತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇವತ್ತಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ನಡೆಯುತ್ತೆ. ನಮ್ಮ ಸೀಮೆಗೆ ಆ ಭಾಗ್ಯ ಇರಲಿಲ್ಲ. ಇಲ್ಲಿ ಬಂಗಲೆಗೆ ಬಂದಿಳಿದ ದೊರೆ ‘ಶಿಕಾರಿ’, ಅವನಿಗೆ ಹೆಜ್ಜೆ ತೋರಿಸಿದವನು ‘ಕಳ್ಳಬೇಟೆಗಾರ’. ಕಾಡಿಗೆ ಹೊಸಬ ಯಾರೋ ಅವನು ಕಾಗದದಲ್ಲಿ ಯಜಮಾನ.

ಇದನ್ನು ಬಿಚ್ಚಿಟ್ಟು ಬರೆದವರಲ್ಲಿ ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ಮುಖ್ಯ. 1954ರಲ್ಲಿ ಬಂದ ಅವರ ಮೊದಲ ಪುಸ್ತಕದಲ್ಲೇ ನಮ್ಮ ಜವಳಗಿರಿಯ ನರಭಕ್ಷಕ ಇದೆ. ಮುಂದಿನ ಪುಸ್ತಕಗಳಲ್ಲಿ ತಾಳವಾಡಿ ಸೀಮೆಯ ಮುದಿಯನೂರಿನ ಚಿರತೆಯೂ ಬರುತ್ತೆ. ಆಂಡರ್ಸನ್ ಕೈಯಲ್ಲಿದ್ದದ್ದು .405 ವಿಂಚೆಸ್ಟರ್ ರೈಫಲ್. ಜೊತೆಗಿದ್ದವರು ರಂಗ, ಪೂಜಾರಿ ಬುಡಕಟ್ಟಿನ ಬೈರ. ಕಾಯ್ದೆಯ ಕಣ್ಣಲ್ಲಿ ಇಬ್ಬರೂ ಕಳ್ಳಬೇಟೆಯವರು. ಆಂಡರ್ಸನ್ ಅದನ್ನು ಮುಚ್ಚಿಡೋದಿಲ್ಲ. ಕಾಡಿನ ವಿದ್ಯೆಯಲ್ಲಿ ಬೈರ ತನಗಿಂತ ದೊಡ್ಡವನು ಅನ್ನೋದನ್ನೂ ಮುಚ್ಚಿಡೋದಿಲ್ಲ. ಒಳ್ಳೇ ರೈಫಲ್ ಇದ್ದವನು ನಾಟು ತುಪಾಕಿಯವನ ಬಳಿ ಹೊಸಬನಾಗಿ ಕಲಿತ. ಆ ಪುಸ್ತಕಗಳ ಘನತೆ ಇರೋದು ಅಲ್ಲಿ. ಆದರೆ ಪುಸ್ತಕದ ಮೇಲೆ ಹೆಸರು ಯಾರದು, ಕಾಡಿನಲ್ಲಿ ಸಿಕ್ಕಿಬಿದ್ದರೆ ಜೈಲು ಯಾರಿಗೆ ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ.

ಸುತ್ತಿ ಬಂದ ಕನ್ನಡ

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಇನ್ನೊಂದು ಕುತೂಹಲ. ಈ ಕಥೆಗಳನ್ನು ಕನ್ನಡದ ಓದುಗರ ಮನೆಮನೆಗೆ ತಂದವರು ಪೂರ್ಣಚಂದ್ರ ತೇಜಸ್ವಿ, ‘ಕಾಡಿನ ಕತೆಗಳು’ ಸರಣಿಯಲ್ಲಿ. ತೇಜಸ್ವಿ ಸ್ವತಃ ಕೋವಿ ಹಿಡಿದು ಕಾಡು ಸುತ್ತಿ, ಆಮೇಲೆ ಕ್ಯಾಮೆರಾ ಹಿಡಿದವರು. ಹಾಗಾಗಿ ಆ ಕನ್ನಡದಲ್ಲಿ ಬೇಟೆಯ ವಾಸನೆ ಸಹಜವಾಗಿದೆ. ಆದರೆ ಅದು ಮೂಡಿಗೆರೆಯ ವಾಸನೆ. ಯೋಚನೆ ಮಾಡಿ. ನಮ್ಮ ಸೀಮೆಯವರು ಕನ್ನಡ, ತಮಿಳು, ತೆಲುಗು ಬೆರೆಸಿ ಆಡಿದ್ದು ಇಂಗ್ಲಿಷಿಗೆ ಹೋಯಿತು, ಅಲ್ಲಿಂದ ಮಲೆನಾಡಿನ ಕನ್ನಡಕ್ಕೆ ಬಂತು. ನನ್ನೂರಿನ ಕಾಡಿನ ಕಥೆಯನ್ನು ನಾನು ಮಲೆನಾಡಿನ ಪದಗಳಲ್ಲಿ ಓದಿ ಖುಷಿಪಟ್ಟೆ. ಅದರಲ್ಲಿ ತೇಜಸ್ವಿಯವರ ತಪ್ಪೇನೂ ಇಲ್ಲ. ಆದರೆ ‘ತುಪಾಕಿ’ ಅಂದವರ ಮಾತು ಎಲ್ಲೂ ದಾಖಲಾಗದೆ ನಡುದಾರಿಯಲ್ಲೇ ಉಳಿಯಿತು.

ದಾಖಲಾಗದ್ದಕ್ಕೆ ಭಯವೂ ಕಾರಣ. ವೀರಪ್ಪನ್ ಕಾಲದಲ್ಲಿ ತಾಳವಾಡಿ, ಸತ್ಯಮಂಗಲದ ಕಡೆ ಮನೆಯಲ್ಲಿ ಮದ್ದಿನ ಪುಡಿ ಇದೆ ಅನ್ನೋ ಅನುಮಾನವೇ ಸಾಕಿತ್ತು. ಆ ದಿನಗಳನ್ನು ಸೋಲಿಗರ ಕಡೆಯಿಂದ ನೋಡುವ ತಮಿಳು ಕಾದಂಬರಿ ‘ಸೋಳಗರ್ ತೊಟ್ಟಿ’ ಬಂದದ್ದು 2004ರಲ್ಲಿ; ವೀರಪ್ಪನ್ ಸತ್ತದ್ದೂ ಅದೇ ವರ್ಷ. ಆಮೇಲೆ ಸತ್ಯಮಂಗಲ 2013ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು, ನಮ್ಮ ಕಡೆ 2014ರಲ್ಲಿ ಕಾವೇರಿ ಉತ್ತರ ವನ್ಯಧಾಮ ಬಂತು. ಕಾಡಿಗೆ ಒಳ್ಳೇದಾಯಿತು. ಆದರೆ ಎಪ್ಪತ್ತು ದಾಟಿದ ಹಿರಿಯರಿಗೆ ಬೇಟೆಯ ನೆನಪು ಹೇಳೋದೇ ತಪ್ಪೊಪ್ಪಿಗೆ ಬರೆದುಕೊಟ್ಟ ಹಾಗೆ ಅನ್ನಿಸುತ್ತೆ. ಮಾತು ತೆಗೆದರೆ ನಕ್ಕು ಎದ್ದು ಹೋಗ್ತಾರೆ.

ಬೇಟೆಗಾರನಿಲ್ಲದ ಆಯುಧ

ಹಾಗಾದರೆ ಈ ಹಳೇ ನಿಯಮ ಇವತ್ತು ಯಾಕೆ ಬೇಕು? ಯಾಕೆಂದರೆ ಕೊಲ್ಲೋದು ನಿಂತಿಲ್ಲ, ಹಿಂದೆ ಹೋಗೋದು ನಿಂತಿದೆ. ರಾಗಿ ಹೊಲಕ್ಕೆ, ಬಾಳೆ ತೋಟಕ್ಕೆ ಹಂದಿ ನುಗ್ಗುತ್ತೆ. ಒಂದು ರಾತ್ರಿಯಲ್ಲಿ ಒಂದು ಬೆಳೆ ಹೋದವನ ಸಂಕಟ ಸಣ್ಣದಲ್ಲ. ಆದರೆ ಈಗಿನ ಉತ್ತರ ಏನು? ತಂತಿಯ ಉರುಳು, ಬೇಲಿಗೆ ನೇರ ಕರೆಂಟು, ಹಣ್ಣಿನೊಳಗೋ ತಿಂಡಿಯೊಳಗೋ ಇಟ್ಟ ಸಿಡಿಮದ್ದು. ಈ ಕೊನೆಯದನ್ನು ತಮಿಳಿನಲ್ಲಿ ಅವುಟ್ಟುಕಾಯಿ ಅಂತಾರೆ. ಹಂದಿಗೆ ಇಟ್ಟದ್ದನ್ನು ಆನೆ ಕಚ್ಚಿದರೆ ದವಡೆ ಒಡೆದು, ಮೇವು ತಿನ್ನಲಾಗದೆ, ದಿನಗಟ್ಟಲೆ ನರಳಿ ಸಾಯುತ್ತೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸುರಿ ಆನೆಯೊಂದು ಹೀಗೇ ಗಾಯಗೊಂಡು ಹೊಳೆಯಲ್ಲಿ ನಿಂತೇ ಸತ್ತದ್ದು ನಿಮಗೆ ನೆನಪಿರಬಹುದು.

ಈ ಸಾಧನಗಳಿಗೆ ಬೇಟೆಗಾರನೇ ಬೇಡ. ಇಟ್ಟವನು ಮನೆಯಲ್ಲಿ ಮಲಗಿರ್ತಾನೆ. ಯಾವ ಪ್ರಾಣಿಗೆ ಏನಾಯಿತು, ಅದು ಎಲ್ಲಿಗೆ ಹೋಯಿತು, ಅವನಿಗೆ ಗೊತ್ತಿಲ್ಲ. ಕಲಿಯೋಕೆ ಹೊಸಬನಿಗೆ ಏನೂ ಇಲ್ಲ, ಬೈಯೋಕೆ ಹಳಬನಿಲ್ಲ. ಗಾಯ ಇದೆ, ಗಾಯಕ್ಕೆ ಒಡೆಯನಿಲ್ಲ. ಹಳಬರು ದೂರದ ರೈಫಲ್ಲಿನ ಬಗ್ಗೆ ಹೆದರಿದ್ದು ಏನಕ್ಕೋ ಅದರ ಪೂರ್ತಿ ರೂಪ ಇದು.

ಕೇರಳ 2022ರ ಮೇ ತಿಂಗಳಲ್ಲಿ ಬೇರೆ ದಾರಿ ಹಿಡಿಯಿತು. ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ವಿಷ, ಸಿಡಿಮದ್ದು, ಕರೆಂಟು ಕೂಡದು ಅಂತ ಷರತ್ತು ಹಾಕಿತು. ಆ ಆದೇಶ ಕಾಸರಗೋಡಿನ ನಮ್ಮ ಕನ್ನಡದ ರೈತರಿಗೂ ಅನ್ವಯ. ಈಗ ಲೈಸೆನ್ಸ್ ಕೋವಿ ಇರುವವನಿಗೆ ಊರಿನಿಂದ ಕರೆ ಬರುತ್ತೆ. ಅವನ ಹತ್ತಿರ ಕಾಗದ ಇದೆ, ತೋಟಾ ಇದೆ. ರಾತ್ರಿ ತೋಟದಲ್ಲಿ ಗಾಯವಾದ ಹಂದಿಯ ಹಿಂದೆ ಹೋಗೋದನ್ನು ಕಾಗದ ಕಲಿಸೋದಿಲ್ಲ. ಅದನ್ನು ಕಲಿಸಬಲ್ಲವರು ಬಾಯಿ ಮುಚ್ಚಿಕೊಂಡು ಕೂತಿರುವ ಅದೇ ಹಿರಿಯರು.

ನನ್ನ ಕೋರಿಕೆ ಇಷ್ಟು. ಗಡಿನಾಡಿನ ಕನ್ನಡ ಸಂಗ್ರಹ ಮಾಡುವ ಗೆಳೆಯರು ಹಾಡು, ಗಾದೆ, ಒಗಟಿನ ಜೊತೆಗೆ ಈ ಮಾತನ್ನೂ ಸೇರಿಸಿಕೊಳ್ಳಿ: ಮದ್ದು ಗಿಡಿಯೋದಕ್ಕೆ, ಮರಸು ಕೂರೋದಕ್ಕೆ, ರಕ್ತ ಹಿಡಿದು ಹೋಗೋದಕ್ಕೆ ಅಂಚೆಟ್ಟಿಯಲ್ಲಿ ಏನಂತಾರೆ, ತಲಮಲೆಯಲ್ಲಿ ಏನಂತಾರೆ ಅಂತ. ಹೇಳಿದವರ ಹೆಸರು, ಊರಿನ ಗುರುತು ಬರೆಯಬೇಡಿ. ಅವರ ಮೊಮ್ಮಕ್ಕಳ ಮನೆಗೆ ಯಾರೂ ವಿಚಾರಣೆಗೆ ಹೋಗಬಾರದು. ಪದ ಬರೆದುಕೊಳ್ಳಿ, ಪದದ ಜೊತೆ ಇದ್ದ ನಿಯಮವನ್ನೂ ಬರೆದುಕೊಳ್ಳಿ. ಪ್ರಶ್ನೆಗಳಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳ್ತೀನಿ.